ಸಹಾಯ ಬೇಕು: ರಾಜ್ಯೋತ್ಸವ ಮುಗಿದ ಮೇಲೆ ಸ್ಪೀಕರ್ ಗರಗರ ಅನ್ನುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯ ರಾಜ್ಯೋತ್ಸವಕ್ಕೆ ಮನೆಯ ಎರಡು ಸ್ಪೀಕರ್ ಕೊಟ್ಟಿದ್ದೆ, 8 ಓಮ್‌ನವು. ಹುಡುಗರು ಸಣ್ಣ ಆಂಪ್ಲಿಫೈಯರ್‌ನ ವಾಲ್ಯೂಮ್ ಪೂರ್ತಿ ತಿರುಗಿಸಿ ಬೆಳಿಗ್ಗೆಯಿಂದ ರಾತ್ರಿ 10ರವರೆಗೆ ಹಾಡು ಹಾಕಿದ್ದಾರೆ. ಸಂಜೆಗೇ ದನಿ ಒಡೆದು ಬರುತ್ತಿತ್ತಂತೆ, ಒಬ್ಬರಾದರೂ ಕಡಿಮೆ ಮಾಡಬೇಕಲ್ವಾ!

ಈಗ ಒಂದರಲ್ಲಿ ಟ್ವೀಟರ್ (ಕೀಚಲು ದನಿಯ ಸಣ್ಣ ಭಾಗ) ಸತ್ತಿದೆ. ಇನ್ನೊಂದರ ವೂಫರ್‌ನ (ದಪ್ಪ ದನಿಯ ದೊಡ್ಡ ಭಾಗ) ಕೋನ್ ಮೆಲ್ಲಗೆ ಒತ್ತಿದರೆ ಒಳಗೆ ಉಜ್ಜುವ ಸದ್ದು, ಜೊತೆಗೆ ಸುಟ್ಟ ವಾಸನೆ. ಮಲ್ಟಿಮೀಟರ್‌ನಲ್ಲಿ ವೂಫರ್ 6 ಓಮ್ ತೋರಿಸುತ್ತದೆ, 8 ಓಮ್‌ನದಕ್ಕೆ ಮೀಟರ್‌ನಲ್ಲಿ ಸ್ವಲ್ಪ ಕಡಿಮೆ ಬರುವುದು ಸರಿಯೇ, ಹಾಗಾಗಿ ವಾಯ್ಸ್ ಕಾಯಿಲ್ (ಕೋನ್ ಅಲುಗಿಸುವ ತಂತಿಸುರುಳಿ) ಕಡಿದಿಲ್ಲ, ಬಿಸಿಗೆ ಸೊಟ್ಟಗಾಗಿ ಮ್ಯಾಗ್ನೆಟ್ ಸಂದಿಯಲ್ಲಿ ತಾಗುತ್ತಿದೆ ಅಂತ ನನ್ನ ಊಹೆ. ಸರಿನಾ?

ಸಣ್ಣ ಆಂಪ್ ಆದರೆ ಸ್ಪೀಕರ್‌ಗೆ ಏನೂ ಆಗಲ್ಲ ಅಂದುಕೊಂಡಿದ್ದೆ. ಅದೇ ತಪ್ಪಾಯಿತು. ಆಂಪ್ ತನ್ನ ಶಕ್ತಿ ಮೀರಿದಾಗ ಅಲೆಯ ತುದಿ ಕತ್ತರಿಸಿಹೋಗಿ, ಟ್ವೀಟರ್‌ಗೆ ಅದು ತಡೆಯುವುದಕ್ಕಿಂತ ಜಾಸ್ತಿ ಪವರ್ ಹೋಗುತ್ತದೆ.

ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ತೋರಿಸಿದೆ. ಬಿಚ್ಚಿಯೂ ನೋಡದೆ "ಹೊಸದೇ ತಗೊಳ್ಳಿ ಸಾರ್" ಅಂದರು. ಬೆಂಗಳೂರಿನಲ್ಲಿ ಕಾಯಿಲ್, ಕೋನ್ ಬದಲಿಸಿ ರೀಕೋನ್ ಮಾಡುವವರು ಯಾರಾದರೂ ಗೊತ್ತಾ? ಎಷ್ಟು ಖರ್ಚಾಗಬಹುದು? ಅಪ್ಪ ತಂದ ಸ್ಪೀಕರ್, ಸುಮ್ನೆ ಗುಜರಿಗೆ ಹಾಕಲು ಮನಸ್ಸಿಲ್ಲ.