ಹತ್ತು ಹಿರಿಯರ ಫಾರ್ವರ್ಡು

ಹಾಸನ: (ಫಾರ್ವರ್ಡ್ ಆದದ್ದು) ಗ್ರೀಕರ ಅಥೆನ್ಸ್ ಸ್ಪಾರ್ಟಾಗೆ ಸೋತಿದ್ದು ಯಾಕೆ ಗೊತ್ತಾ? ದೇಶದ ಭದ್ರತೆಗೆ ಅಂತ ಒಂದು ಮಂಡಳಿಯೇ ಇರಲಿಲ್ಲ! ಯುದ್ಧವನ್ನೂ ಜನ ಕೈಯೆತ್ತಿ ತೀರ್ಮಾನ ಮಾಡುತ್ತಿದ್ದರು! ಹತ್ತು ಗುಂಪಿಗೆ ಕಳಿಸಿ 🙏

ಹಾಸನ: ಎಷ್ಟು ನಿಜ ಅಲ್ವಾ?

ಶಿರಸಿ: ಅರ್ಧ ನಿಜ ಮಾರಾಯ. ಮಂಡಳಿ ಇತ್ತು. ಕ್ರಿ.ಪೂ. 413ರಲ್ಲಿ ಸಿಸಿಲಿ ದ್ವೀಪದ ಮೇಲೆ ಯುದ್ಧಕ್ಕೆ ಕಳಿಸಿದ ಹಡಗು, ಸೈನ್ಯ ಎಲ್ಲ ನಾಶವಾದ ಸುದ್ದಿ ಬಂತು. ಹೆದರಿ ಹತ್ತು ಜನ ಹಿರಿಯರನ್ನು ಆರಿಸಿ ಕೂರಿಸಿದರು. ಪ್ರೊಬೂಲೊಯ್ ಅಂತ ಹೆಸರು. ಅವರಲ್ಲಿ ಒಬ್ಬ ಸೊಫೊಕ್ಲಿಸ್. ನಾಟಕ ಬರೆದವನೇ ಈತ ಅಂತ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಬಿ.ಎಂ.ಶ್ರೀ ಅವರ ‘ಅಶ್ವತ್ಥಾಮನ್’ ಇದೆಯಲ್ಲ, ಅದಕ್ಕೆ ಮೂಲ ಈ ಸೊಫೊಕ್ಲಿಸನ ನಾಟಕವೇ.

ಹಿಂದಿನ ಬೆಂಚು: ಎಂಬತ್ತು ದಾಟಿದ ಸಾಹಿತಿ ಭದ್ರತಾ ಮಂಡಳಿಯಲ್ಲಾ? ನಮ್ಮಲ್ಲಾಗಿದ್ದರೆ ಒಂದು ಶಾಲು ಹೊದಿಸಿ ಮನೆಗೆ ಕಳಿಸುತ್ತಿದ್ದರು 😂

ಹಾಸನ: ಸರಿ, ಆದರೆ ಸಿಸಿಲಿಗೆ ಹೋಗಿದ್ದು ಯಾರ ತೀರ್ಮಾನ? ಜನರದ್ದೇ ತಾನೇ?

ಶಿರಸಿ: ಜನರದ್ದೇ, ಇಲ್ಲ ಅನ್ನಲ್ಲ. ಆ ದ್ವೀಪ ಎಷ್ಟು ದೊಡ್ಡದು ಅಂತಲೇ ಹೆಚ್ಚಿನವರಿಗೆ ಗೊತ್ತಿರಲಿಲ್ಲ, ಬೇಡ ಅನಿಸಿದವರೂ ವಿರುದ್ಧ ಕೈಯೆತ್ತಿದರೆ ದೇಶದ್ರೋಹಿ ಅನ್ನುತ್ತಾರೆ ಅಂತ ಸುಮ್ನೆ ಕೂತರು, ಹೀಗೆ ಬರೆದವನು ಸ್ಪಾರ್ಟಾ ಜೊತೆಗಿನ ಆ ಯುದ್ಧದಲ್ಲೇ ಅಥೆನ್ಸಿನ ಸೇನಾಪತಿಯಾಗಿದ್ದ ಥುಸಿಡಿಡೀಸ್. ಸೋತ ಮೇಲೆ ಭಾಷಣ ಮಾಡಿದವರನ್ನೂ ಭವಿಷ್ಯ ಹೇಳಿದವರನ್ನೂ ಬೈದರಂತೆ, ತಾವು ಕೈ ಎತ್ತಿದ್ದನ್ನು ಮರೆತು.

ಮಂಗಳೂರು: ಆ ಹತ್ತು ಜನರ ಪೈಕಿ ಒಬ್ಬ ಅರಿಸ್ಟೊಫನೀಸನ ‘ಲಿಸಿಸ್ಟ್ರಾಟಾ’ ಅನ್ನೋ ಹಾಸ್ಯನಾಟಕದಲ್ಲಿ ಪಾತ್ರವಾಗಿಯೇ ಬರುತ್ತಾನೆ. ಹಡಗಿಗೆ ಹುಟ್ಟು ಮಾಡಿಸಲು ದುಡ್ಡು ಬೇಕು ಅಂತ ಖಜಾನೆಗೆ ಬಂದರೆ, ಹೆಂಗಸರು ಬಾಗಿಲು ಹಾಕಿಕೊಂಡು ಕೂತಿರುತ್ತಾರೆ. ಮನೆಯ ದುಡ್ಡು ನೋಡಿಕೊಳ್ಳೋದು ನಾವೇ ಅಲ್ವಾ, ಇದನ್ನೂ ನೋಡಿಕೊಳ್ಳುತ್ತೇವೆ ಅನ್ನುತ್ತಾರೆ. ಆಮೇಲೆ ಅವನ ತಲೆಗೆ ಸೆರಗು ಹೊದಿಸಿ ಕೈಗೆ ಉಣ್ಣೆ ಬುಟ್ಟಿ ಕೊಡುತ್ತಾರೆ. ಕ್ರಿ.ಪೂ. 411ರ ನಾಟಕ. ಮಂಡಳಿ ಅಧಿಕಾರದಲ್ಲಿ ಇರುವಾಗಲೇ ಆಡಿದ್ದು!

ಹಾಸನ: ನಾಟಕ ಬಿಡಿ. ಮಂಡಳಿ ಏನು ಕೆಡಿಸಿತು ಹೇಳಿ.

ಶಿರಸಿ: ಅದೇ 411ರಲ್ಲಿ ಈ ಹತ್ತು ಜನರ ಜೊತೆ ಇನ್ನೂ ಇಪ್ಪತ್ತು ಜನ ಸೇರಿದರು. ನಗರ ಉಳಿಸೋ ದಾರಿ ಹೇಳಿ ಅಂತ ಅವರಿಗೆ ಕೆಲಸ. ಅವರು ಮೊದಲು ಮಾಡಿದ್ದೇನು? ಕಾನೂನಿಗೆ ವಿರುದ್ಧವಾದ ಸಲಹೆ ಸಭೆಗೆ ತಂದವನ ಮೇಲೆ ಯಾರು ಬೇಕಾದರೂ ದಾವೆ ಹಾಕಬಹುದಿತ್ತು, ಅದನ್ನು ತೆಗೆದುಹಾಕಿದರು. ಆ ಸಭೆ ನಡೆದಿದ್ದು ಊರೊಳಗಲ್ಲ, ಕೊಲೊನಸ್‌ನಲ್ಲಿ, ಸುಮಾರು ಎರಡು ಕಿಲೋಮೀಟರ್ ಆಚೆ. ಶತ್ರುಗಳು ಹತ್ತಿರದ ಡಿಸಿಲಿಯಾದಲ್ಲೇ ಬೀಡುಬಿಟ್ಟಿದ್ದ ಕಾಲ. ಕೊಲೊನಸ್‌ನ ಆ ಸಭೆಯಲ್ಲೇ ನಾನೂರು ಜನರ ಕೈಗೆ ಊರು ಕೊಟ್ಟರು.

ಹಾಸನ: ಜನರೇ ಮತ್ತೆ ಅಧಿಕಾರಕ್ಕೆ ಬಂದಾಗ ಏನು ಮಾಡಿದರು? 406ರಲ್ಲಿ ಸಮುದ್ರಯುದ್ಧ ಗೆದ್ದುಕೊಟ್ಟ ಸೇನಾಪತಿಗಳಲ್ಲೇ ಆರು ಜನರನ್ನು ಕೊಂದರು. ಅದನ್ನೂ ಹೇಳಿ.

ಶಿರಸಿ: ಒಪ್ಪಿದೆ, ನಾಚಿಕೆಗೇಡು. ಆದರೆ ಅಲ್ಲೂ ಯೂರಿಪ್ಟೊಲೆಮಸ್ ಅಂತ ಒಬ್ಬ ಎದ್ದು, ಇದು ಕಾನೂನಿಗೆ ವಿರುದ್ಧ ಅಂತ ಅದೇ ದಾವೆ ಹಾಕಿದ. ಸೇನಾಪತಿಗಳ ಜೊತೆ ನಿನ್ನನ್ನೂ ಸೇರಿಸುತ್ತೇವೆ ಅಂದರು, ಪಾಪ ವಾಪಸ್ ತಗೊಂಡ. ಹತ್ತು ಜನ ಕೂತರೂ ಹತ್ತು ಸಾವಿರ ಜನ ಕೂತರೂ ಮೊದಲು ಬಾಯಿ ಮುಚ್ಚಿಸಿದ್ದು ಅವನಂಥವರದ್ದೇ. ನಿನ್ನ ಫಾರ್ವರ್ಡಿನಲ್ಲಿ ಆ ವಿಷಯವೇ ಇಲ್ಲ.

ಅಡ್ಮಿನ್: ನಮ್ಮ ರಾಜಕೀಯ ಎಳೆಯಬೇಡಿ ದಯವಿಟ್ಟು.

ಹಿಂದಿನ ಬೆಂಚು: ಯಾರೂ ಎಳೆದಿಲ್ಲ ಸಾರ್, ಎರಡು ಸಾವಿರದ ನಾನೂರು ವರ್ಷ ಹಿಂದೆ ಇದ್ದೇವೆ.

ಮಂಗಳೂರು: ಸೊಫೊಕ್ಲಿಸ್ ಇದಕ್ಕೆಲ್ಲ ಒಪ್ಪಿದನಾ?

ಶಿರಸಿ: ಅರಿಸ್ಟಾಟಲ್ ಬರೆದಿದ್ದಾನೆ. ನಾನೂರು ಜನರಿಗೆ ಅಧಿಕಾರ ಕೊಡೋದಕ್ಕೆ ನೀನೂ ಒಪ್ಪಿದೆಯಾ ಅಂತ, ಆ ಆಡಳಿತ ತರಲು ಮುಂದೆ ನಿಂತಿದ್ದ ಪೈಸಾಂಡರ್ ಅವನನ್ನು ಕೇಳಿದ. ಹೌದು ಅಂದ. ಅದು ಕೆಟ್ಟದ್ದು ಅನಿಸಲಿಲ್ಲವಾ? ಅನಿಸಿತು. ಹಾಗಾದರೆ ಕೆಟ್ಟ ಕೆಲಸ ಮಾಡಿದೆ ಅಂತಾಯಿತು? ಹೌದು, ಬೇರೆ ಒಳ್ಳೆ ದಾರಿ ಇರಲಿಲ್ಲ ಅಂದ.

ಹಾಸನ: ನೋಡಿ, ಅವನೇ ಹೇಳಿದ್ದಾನೆ ಬೇರೆ ದಾರಿ ಇರಲಿಲ್ಲ ಅಂತ. ಫಾರ್ವರ್ಡ್ ಡಿಲೀಟ್ ಮಾಡಲ್ಲ.

ಹಿಂದಿನ ಬೆಂಚು: ಮೊದಲೇ ಇದ್ದ ಸಭೆಯವರು ಸುಮ್ನೆ ಎದ್ದು ಹೋದರಾ?

ಶಿರಸಿ: ಐನೂರು ಜನರ ಸಮಿತಿ ಅದು. ನಾನೂರು ಜನ ಬಟ್ಟೆಯೊಳಗೆ ಚೂರಿ ಇಟ್ಟುಕೊಂಡು ಒಳಗೆ ಬಂದರು. ಉಳಿದ ಅವಧಿಯ ಸಂಬಳ ಜೊತೆಗೇ ತಂದಿದ್ದರು. ಬಾಗಿಲ ಹತ್ತಿರ ಕೈಗೆ ಕೊಟ್ಟರು. ತಗೊಂಡು ಹೋದರು, ಒಬ್ಬನೂ ತುಟಿ ಪಿಟಕ್ ಅನ್ನಲಿಲ್ಲ.