ಸ್ಪಿನ್ನಿಗೆ ಬಂದ್ರ ವಾಷಿಂಗ್ ಮಷೀನ್ ಕುಣಿದು ಗೋಡಿಗೆ ಬಡಿತೈತಿ, ಡ್ರಮ್ ಹೋಗೈತೇನ್ರಿ?

ಹುಬ್ಬಳ್ಳಿ_ಟು_ಪುಣೆ:
ನಮಸ್ಕಾರ್ರಿ ಎಲ್ಲಾರಿಗೂ. ಹೋದ ತಿಂಗಳ ಹುಬ್ಬಳ್ಳಿಯಿಂದ ಪುಣೆಗೆ ಬಂದೇವಿ, ಧಾಯರಿಯೊಳಗ ಬಾಡಿಗಿ ಫ್ಲ್ಯಾಟ್. ನಮ್ದು 7 ಕೆಜಿ ಫ್ರಂಟ್ ಲೋಡ್, ಅಲ್ಲಿದ್ದಾಗ ಒಂದಿನಾನೂ ತ್ರಾಸ ಕೊಟ್ಟಿದ್ದಿಲ್ಲ. ಇಲ್ಲಿ ಅಡಗಿಮನಿ ಹಿಂದಿನ ಡ್ರೈ ಬಾಲ್ಕನಿಯೊಳಗ ಇಟ್ಟೇವಿ, ಅರಬಿ ಒಗಿಯೂಮುಂದ ಏನೂ ಇಲ್ಲ, ನೀರು ಬಿಟ್ಟು ಸ್ಪಿನ್ ಚಾಲೂ ಆತಂದ್ರ ಧಡಧಡ ಅಂತ ಇಡೀ ಮಷೀನ್ ಒಂದು ಗೇಣು ಮುಂದ ಬಂದು ನಿಲ್ತೈತಿ, ಕೆಳಗಿನ ಮನಿಯವ್ರು ಎರಡು ಸಲ ಬಂದು ಹೇಳಿ ಹೋದ್ರು. ಮೆಕ್ಯಾನಿಕ್ ಒಬ್ಬಾಂವ ಬಂದು ಒಂದು ಸ್ಕ್ರೂ ಸೈತ ಬಿಚ್ಚದ ಡ್ರಮ್ ಬದಲಿ ಮಾಡ್ಬೇಕು ಏಳೆಂಟು ಸಾವಿರ ಆಗ್ತೈತಿ ಅಂದ. ಮಳಿಗಾಲ ಬ್ಯಾರೆ, ಸ್ಪಿನ್ ಇಲ್ಲಂದ್ರ ಹುಡುಗನ ಯೂನಿಫಾರ್ಮ್ ಎರಡು ದಿನ ಆದ್ರೂ ಒಣಗಂಗಿಲ್ಲ. ಗೊತ್ತಿದ್ದವ್ರು ಹೇಳ್ರಿ.

ಡೊಂಬಿವಲಿ_ಈಸ್ಟ್:
ಡ್ರಮ್ಮಿಗೆ ಈಗಲೇ ದುಡ್ಡು ಕೊಡ್ಬೇಡಿ ಮಾರಾಯ್ರೆ, ಮೊದ್ಲು ನೆಲ ನೋಡಿ. ಡ್ರೈ ಬಾಲ್ಕನಿಯಲ್ಲಿ ನೀರು ಜಾಲಿಗೆ ಹೋಗ್ಲಿ ಅಂತ ಇಳಿಜಾರು ಕೊಟ್ಟೇ ಟೈಲ್ಸ್ ಹಾಕಿರ್ತಾರೆ, ಹುಬ್ಬಳ್ಳಿ ಮನೆ ನೆಲಕ್ಕೆ ಹೊಂದಿಸಿದ ಕಾಲು ಇಲ್ಲಿಗೆ ಹೊಂದುದಿಲ್ಲ. ಮಷೀನ್ ಮೇಲಿನ ಎದುರುಬದುರು ಮೂಲೆ ಎರಡನ್ನೂ ಒಂದಾದ ಮೇಲೊಂದು ಒತ್ತಿ, ಟಕ್ ಟಕ್ ಅಂತ ಆಡಿದ್ರೆ ಯಾವುದೋ ಕಾಲು ನೆಲಕ್ಕೆ ಕೂತಿಲ್ಲ. ಕಾಲು ತಿರುಗಿಸಿ ಲೆವೆಲ್ ಮಾಡಿದ ಮೇಲೆ ಅದರ ಲಾಕ್ ನಟ್ ಮಷೀನಿನ ತಳಕ್ಕೆ ಕಚ್ಚುವ ಹಾಗೆ ಬಿಗಿ ಮಾಡ್ಲೇಬೇಕು, ಹೆಚ್ಚಿನವ್ರು ಇದನ್ನೇ ಬಿಡುದು, ನಾಲ್ಕು ಸ್ಪಿನ್ ಆಗುವಷ್ಟರಲ್ಲಿ ಕಾಲು ತಾನೇ ತಿರುಗಿ ಮತ್ತೆ ಮೊದಲಿನ ಹಾಗೇ ಆಗ್ತದೆ. ಕೆಳಗೆ ಚಕ್ರದ ಸ್ಟ್ಯಾಂಡ್ ಉಂಟಾ? ಇದ್ರೆ ತೆಗೀರಿ. ಶಿಫ್ಟಿಂಗ್‌ನವ್ರು ಹಿಂದೆ ಟ್ರಾನ್ಸಿಟ್ ಬೋಲ್ಟ್ (ಸಾಗಿಸುವಾಗ ಒಳಗಿನ ಟಬ್ ಅಲ್ಲಾಡದ ಹಾಗೆ ಹಿಡಿಯುವ ಬೋಲ್ಟ್) ಹಾಕಿ ಹಾಗೇ ಬಿಟ್ಟಿದ್ರೂ ಹೀಗೇ ಕುಣಿತದೆ, ಅದೂ ನೋಡಿ.

ವಾಸ್ಕೋ_ಕನ್ನಡಿಗ:
ಬೋಲ್ಟ್ ಹಾಕದೇ ತಂದಿದ್ರೆ ಅದು ಬೇರೆ ತೊಂದರೆ. ಡ್ರಮ್ ಕೂತಿರೋ ಒಳಗಿನ ಟಬ್ ಮೇಲೆ ಸ್ಪ್ರಿಂಗಿಗೆ ತೂಗಿರುತ್ತೆ, ಕೆಳಗೆ ಡ್ಯಾಂಪರ್ (ಅಲುಗಾಟ ತಡೆಯೋ ಶಾಕ್ ಅಬ್ಸಾರ್ಬರ್) ಹಿಡಿದಿರುತ್ತೆ, ಮೇಲಿಂದ ಟಬ್ ಕುಣಿಯದಂತೆ ಕಟ್ಟಿರೋ ಸಿಮೆಂಟಿನ ಭಾರ ಬೇರೆ, ಅಷ್ಟು ತೂಕ ಟೆಂಪೋದಲ್ಲಿ ಕೊಲ್ಹಾಪುರ, ಖಂಬಾಟ್ಕಿ ಘಾಟ್ ದಾಟಿ 400ಕ್ಕೂ ಹೆಚ್ಚು ಕಿಲೋಮೀಟರ್ ತೂಗಾಡ್ತಾ ಬಂದ್ರೆ ಡ್ಯಾಂಪರ್ ಉಳಿಯೋದು ಕಷ್ಟ. ಪ್ಲಗ್ ತೆಗೆದು, ಬಾಗಿಲು ತೆರೆದು ಖಾಲಿ ಡ್ರಮ್ಮನ್ನ ಜೋರಾಗಿ ಕೆಳಗೆ ಒತ್ತಿ ಬಿಡಿ. ಮೇಲೆ ಬಂದು ತಟ್ಟನೆ ನಿಂತ್ರೆ ಡ್ಯಾಂಪರ್ ಸರಿ ಇದೆ, ತೊಟ್ಟಿಲ ಥರ ಆಡ್ತಾನೇ ಇದ್ರೆ ಹೋಗಿದೆ. ಆಮೇಲೆ ಡ್ರಮ್ಮನ್ನ ಕೈಯಲ್ಲಿ ತಿರುಗಿಸಿ ಕಿವಿ ಕೊಡಿ, ಗರಗರ ಸದ್ದು ಬಂದ್ರೆ ಬೇರಿಂಗ್ ಹೋಗಿದೆ. ನಮ್ಮನೇಲಿ ಸದ್ದೂ ಇತ್ತು, ಡ್ರಮ್ಮನ್ನ ಎಳೆದ್ರೆ ಟಬ್ಬಿನೊಳಗೇ ಅಲ್ಲಾಡ್ತಿತ್ತು, ಬಿಚ್ಚಿದಾಗ ಡ್ರಮ್ಮಿನ ಬೆನ್ನಿಗಿರೋ ಅಲ್ಯುಮಿನಿಯಂ ಸ್ಪೈಡರ್ (ಡ್ರಮ್ಮನ್ನ ಶಾಫ್ಟಿಗೆ ಹಿಡಿಯೋ ಚೌಕಟ್ಟು) ಪೂರ್ತಿ ತಿಂದು ಹೋಗಿತ್ತು. ಹಾಗಿದ್ರೆ ಮಾತ್ರ ದೊಡ್ಡ ಖರ್ಚು.

ಹುಬ್ಬಳ್ಳಿ_ಟು_ಪುಣೆ:
ಇಬ್ಬರಿಗೂ ಭಾಳ ಥ್ಯಾಂಕ್ಸ್ ರಿ. ಮುಂದಿನ ಎಡಗಾಲು ಖರೇನ ಗಾಳಿಯೊಳಗ ಇತ್ತು, ಯಜಮಾನ್ರು ಸ್ಪ್ಯಾನರ್ ತಂದು ನಟ್ ಸಮೇತ ಬಿಗಿ ಮಾಡಿದ್ರು, ಈಗ ಸ್ಪಿನ್ ವೇಗ 800ಕ್ಕ (ನಿಮಿಷಕ್ಕ 800 ಸುತ್ತು) ಇಟ್ರ ಮಷೀನ್ ಜಾಗಾ ಬಿಡಂಗಿಲ್ಲ, 1000ಕ್ಕ ಹಚ್ಚಿದ್ರ ಇನ್ನೂ ನಡಗತೈತಿ. ಒತ್ತಿ ಬಿಟ್ರ ಡ್ರಮ್ ನಾಕೈದು ಸಲ ಮ್ಯಾಲೆ ಕೆಳಗ ಆಡ್ತು. ಗರಗರ ಇಲ್ಲ. ಬೋಲ್ಟ್ ಹಾಕಿದ್ದಿಲ್ರಿ, ಹುಬ್ಬಳ್ಳಿ ಮನಿ ಅಟ್ಟದ ಮ್ಯಾಲೇ ಉಳದಾವ.

ವಾಸ್ಕೋ_ಕನ್ನಡಿಗ:
ಹಾಗಾದ್ರೆ ಡ್ಯಾಂಪರ್ರೇ. ಒಂದೇ ಹೋಗಿದ್ರೂ ಎಲ್ಲಾ ಒಟ್ಟಿಗೆ ಬದಲಾಯಿಸಿ, ಹಳೇದೊಂದು ಹೊಸದೊಂದು ಇದ್ರೆ ಟಬ್ ಒಂದು ಕಡೆಗೇ ಹೊಡೀತಿರುತ್ತೆ. ಮಷೀನ್ ಸ್ಟಿಕ್ಕರ್ ಮೇಲಿನ ಮಾಡೆಲ್ ನಂಬರ್ ತೋರಿಸಿಯೇ ಪಾರ್ಟ್ ತಗೊಳ್ಳಿ. ಬಿಚ್ಚಿದಾಗ ಸ್ಪ್ರಿಂಗ್ ಕೊಕ್ಕೆ, ಸಿಮೆಂಟ್ ಭಾರದ ಬೋಲ್ಟ್ ಸಡಿಲ ಆಗಿದೆಯಾ ಅಂತ ನಿಂತು ನೋಡಿಸಿ.

ಡೊಂಬಿವಲಿ_ಈಸ್ಟ್:
ಒಂದೇ ಒಂದು ಚಾದರ ಹಾಕಿ ಸ್ಪಿನ್ ಮಾಡ್ಬೇಡಿ, ನೀರು ಕುಡಿದು ಒಂದೇ ಬದಿಗೆ ಮುದ್ದೆಯಾಗಿ ಕೂರ್ತದೆ. ಜೊತೆಗೆ ಎರಡು ಟವೆಲ್ ಹಾಕಿ.

ಹುಬ್ಬಳ್ಳಿ_ಟು_ಪುಣೆ:
ಬ್ಯಾರೆ ಮೆಕ್ಯಾನಿಕ್ಕನ್ನ ಕರಸಿ ಎರಡೂ ಡ್ಯಾಂಪರ್ ಹಾಕ್ಸಿದ್ವಿ, ಮೊದಲಿನಾಂವ ಹೇಳಿದ್ದರ ಕಾಲು ಭಾಗಾನೂ ಖರ್ಚಾಗಲಿಲ್ಲ. ಬಿಚ್ಚಿದ ಡ್ಯಾಂಪರ್ ಒಂದು ಕೈಯಾಗ ಹಿಡಿದು ಒತ್ತಿದ್ರ ಹಳೇ ಸೈಕಲ್ ಪಂಪಿನಂಗ ಸರ್ ಅಂತ ಹೋಗ್ತಿತ್ತು. ನಿನ್ನೆ 1000ಕ್ಕ ಹಚ್ಚಿ ಮ್ಯಾಲೆ ನೀರಿನ ತಂಬಗಿ ಇಟ್ಟು ಎದುರಿಗೇ ನಿಂತು ನೋಡೇನಿ, ಒಂದು ಹನಿ ಚೆಲ್ಲಲಿಲ್ಲ. ಅತ್ತೆಯವ್ರಿಗೆ ಫೋನ್ ಮಾಡಿ ಅಟ್ಟದ ಮ್ಯಾಲಿನ ಬೋಲ್ಟ್ ಬಸ್ಸಿನಾಗ ಕಳಸ್ರಿ ಅಂತ ಹೇಳೇನಿ.