‘ಗ್ರೌಂಡ್ ಫಾಲ್ಟ್’ಗೆ ‘ಭೂದೋಷ’ ಸರಿಯೇ?

ಪ್ರಶ್ನೆ (ತುಮಕೂರು):
ಮನೆ ವೈರಿಂಗ್ ಕಲಿಯುವವರಿಗೆ ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಕರಡಿನಲ್ಲಿ ‘ಗ್ರೌಂಡ್ ಫಾಲ್ಟ್’ಗೆ (ಕರೆಂಟು ತಂತಿ ಬಿಟ್ಟು ನೆಲಕ್ಕೆ ಹರಿಯುವುದು) ‘ಭೂದೋಷ’, ‘ರೆಸಿಡ್ಯುಯಲ್ ಕರೆಂಟ್’ಗೆ ‘ಉಳಿಕೆ ವಿದ್ಯುತ್’ ಎಂದಿದೆ. ಕರೆಂಟು ಸೋರಿದರೆ ತಾನಾಗಿ ಬಿದ್ದು ಲೈನು ಕಡಿಯುವ ಸ್ವಿಚ್ಚಿಗೆ ಬೇರೆ ಬೇರೆ ಹೆಸರಿದ್ದರೂ, ಕೆಲಸದವರು ಎಲ್ಲಕ್ಕೂ ‘ಇ.ಎಲ್.ಸಿ.ಬಿ.’ (ಅರ್ತ್ ಲೀಕೇಜ್ ಸರ್ಕ್ಯೂಟ್ ಬ್ರೇಕರ್) ಅಂತಾರೆ. ಯಾವುದನ್ನು ಇಟ್ಟುಕೊಳ್ಳಬೇಕು? ಬಲ್ಲವರು ತಿಳಿಸಿ.

ಉತ್ತರ (ಕೋಲಾರ):
ಸರ್, ‘ಭೂದೋಷ’ವನ್ನು ದಯವಿಟ್ಟು ತೆಗೆದುಬಿಡಿ. ಮನೆ ಕಟ್ಟುವವರಿಗೆ ಅದು ಸೈಟಿನ ವಾಸ್ತುವಿನಂತೆ ಕೇಳುತ್ತದೆ. ಅದಕ್ಕಿಂತ ಹೆಚ್ಚಾಗಿ, ದೋಷ ನೆಲದಲ್ಲಿದೆ ಎಂಬ ತಪ್ಪು ಅರ್ಥ ಕೊಡುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆಯ ನೆಲ ಒಣಗಿದಾಗ ಅರ್ತ್ ಗುಂಡಿಗೆ ನೀರು ಹಾಕುವ ರೂಢಿ ಇದೆ, ಅದು ಒಳ್ಳೆಯದೇ. ಆದರೆ ಈ ಸ್ವಿಚ್ಚು ಬೀಳುತ್ತಿರುವುದು ಗೀಸರ್ ಕಾಯಿಲ್ ಒಡೆದಿದ್ದಕ್ಕೆ ಎಂದಾದರೆ, ಎಷ್ಟು ಕೊಡ ನೀರು ಸುರಿದರೂ ಅದು ನಿಲ್ಲದು. ಅರ್ತ್ ಚೆನ್ನಾದಷ್ಟೂ ಸ್ವಿಚ್ಚು ಇನ್ನಷ್ಟು ಖಚಿತವಾಗಿ ಬೀಳುತ್ತದೆ.

ನಡೆಯುವುದು ಇಷ್ಟು: ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ಸು ಬರಬೇಕು. ಸ್ವಿಚ್ಚಿನೊಳಗೆ ಎರಡೂ ತಂತಿ ಒಂದೇ ಬಳೆಯಾಕಾರದ ಕೋರಿನ ಮೂಲಕ ಹಾಯುತ್ತವೆ. ವಾಪಸ್ಸು ಬಂದದ್ದು ಕಡಿಮೆಯಾದರೆ ಉಳಿದದ್ದು ಉಪಕರಣದ ಲೋಹದ ಹೊರಮೈಗೋ, ಒದ್ದೆ ಗೋಡೆಗೋ, ಮನುಷ್ಯನ ಮೈಗೋ ಸೋರಿದೆ ಎಂದರ್ಥ. ಈ ವ್ಯತ್ಯಾಸವೇ ‘ರೆಸಿಡ್ಯುಯಲ್ ಕರೆಂಟ್’. ಹಾಗಾಗಿ ‘ಸೋರಿಕೆ’ ಎಂಬ ಮಾತೇ ಸರಿ. ‘ಉಳಿಕೆ ವಿದ್ಯುತ್’ ಎಂದರೆ ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ನಿಂತ ಕರೆಂಟು ಎಂದುಕೊಳ್ಳುತ್ತಾರೆ. ‘ಸೋರಿಕೆ ತಡೆ’ಯೂ ಬೇಡ, ಇದು ಸೋರುವುದನ್ನು ತಡೆಯುವುದಿಲ್ಲ, ಸೋರಿದರೆ ಕಡಿಯುತ್ತದೆ. ‘ಸೋರಿಕೆ ಕಡಿಯುವ ಸ್ವಿಚ್ಚು’ ಎಂದು ಒಮ್ಮೆ ವಿವರಿಸಿ, ಮುಂದೆಲ್ಲ ಆರ್.ಸಿ.ಸಿ.ಬಿ. (ರೆಸಿಡ್ಯುಯಲ್ ಕರೆಂಟ್ ಸರ್ಕ್ಯೂಟ್ ಬ್ರೇಕರ್) ಎಂದೇ ಬರೆಯಿರಿ. ಅಂಗಡಿಯಲ್ಲಿ ಕೇಳಬೇಕಾದ ಹೆಸರು ಅದೇ. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ನಮ್ಮ ಚಿನ್ನದ ಗಣಿಗೆ ಬಂದಿತ್ತು. ಇಷ್ಟು ಕಾಲ ಬಳಸಿ ಫೇಸು, ನ್ಯೂಟ್ರಲ್ಲು, ಅರ್ತು ಈಗ ಕನ್ನಡದ ಪದಗಳೇ.

ಇ.ಎಲ್.ಸಿ.ಬಿ. ಎಂಬ ಹಳೆಯ ಹೆಸರನ್ನು ಬಿಡಿಸಿ ಹೇಳುವುದು ಅಗತ್ಯ. ಮೊದಲಿನ ಒಂದು ಬಗೆ ಅರ್ತ್ ತಂತಿಯ ಮೇಲಿನ ವೋಲ್ಟೇಜ್ ನೋಡಿ ಬೀಳುತ್ತಿತ್ತು, ಅರ್ತ್ ಕಿತ್ತಿದ್ದರೆ ಕೆಲಸಕ್ಕೆ ಬಾರದು. ಆರ್.ಸಿ.ಸಿ.ಬಿ.ಗೆ ಅರ್ತ್ ತಂತಿ ಜೋಡಿಸುವ ಜಾಗವೇ ಇಲ್ಲ. ಹಾಗೆಂದು ಮನೆಗೆ ಅರ್ತ್ ಬೇಡ ಎಂದಲ್ಲ: ಅರ್ತ್ ಇದ್ದರೆ ಉಪಕರಣದ ಹೊರಮೈಗೆ ಕರೆಂಟು ಬಂದ ಕೂಡಲೇ ಬೀಳುತ್ತದೆ, ಇಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆ.

‘ಗ್ರೌಂಡ್ ಫಾಲ್ಟ್’ ಅಮೆರಿಕದ ಮಾತು. ಇದೇ ಕೆಲಸ ಮಾಡುವ ಅಲ್ಲಿಯ ಸಾಕೆಟ್ಟು ಸುಮಾರು 5 ಮಿಲಿಆಂಪಿಯರ್‌ಗೆ ಬೀಳುತ್ತದೆ, ಆದರೆ 120 ವೋಲ್ಟಿನದು. ಅದನ್ನು ತಂದು ನಮ್ಮ 230 ವೋಲ್ಟಿಗೆ ಹಾಕಬಾರದು. ಇಲ್ಲಿ ಜನರ ರಕ್ಷಣೆಗೆ ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನದು: ಸಿಂಗಲ್ ಫೇಸಿಗೆ ಎರಡು ಪೋಲ್ (ಎರಡು ತಂತಿ ಕಡಿಯುವಂಥದ್ದು), ತ್ರೀ ಫೇಸಿಗೆ ನಾಲ್ಕು. 100, 300ರವು ಬೆಂಕಿ ತಡೆಗೆ ಮಾತ್ರ, ಬಚ್ಚಲಮನೆಗೆ ನಂಬಬೇಡಿ. ಓವರ್‌ಲೋಡಿಗೆ ಇದು ಬೀಳುವುದಿಲ್ಲ, ಅದಕ್ಕೆ ಬೀಳುವ ಎಂ.ಸಿ.ಬಿ. ಜೊತೆಗಿರಲೇಬೇಕು. ಫೇಸು ನ್ಯೂಟ್ರಲ್ಲು ಎರಡನ್ನೂ ಒಟ್ಟಿಗೆ ಹಿಡಿದವನನ್ನೂ ಇದು ಕಾಯುವುದಿಲ್ಲ, ನೆಲಕ್ಕೆ ಏನೂ ಸೋರಿರುವುದಿಲ್ಲವಲ್ಲ.

‘ಸುಮ್ಮಸುಮ್ಮನೆ ಬೀಳುತ್ತೆ’ ಎಂಬ ಮಾತನ್ನು ಕೈಪಿಡಿಯಲ್ಲಿ ಬಳಸಬೇಡಿ. ಆ ಮಾತಿನಿಂದಲೇ ಆರ್.ಸಿ.ಸಿ.ಬಿ.ಯನ್ನು ಬಿಟ್ಟು ನೇರ ತಂತಿ ಎಳೆದುಬಿಡುತ್ತಾರೆ. ಬದಲಿಗೆ ಕಾರಣ ಹುಡುಕುವ ಬಗೆ ಬರೆಯಿರಿ: ಎಲ್ಲ ಎಂ.ಸಿ.ಬಿ. ಇಳಿಸಿ, ಆರ್.ಸಿ.ಸಿ.ಬಿ. ಏರಿಸಿ, ಆಮೇಲೆ ಒಂದೊಂದಾಗಿ ಏರಿಸುತ್ತ ಬನ್ನಿ. ಯಾವುದು ಏರಿದಾಗ ಬಿತ್ತೋ ಆ ಲೈನಿನ ಪ್ಲಗ್ಗುಗಳನ್ನು ಕಿತ್ತು ನೋಡಿ. ಎಲ್ಲ ಇಳಿಸಿದ್ದರೂ ಬಿದ್ದರೆ ನ್ಯೂಟ್ರಲ್ಲು ಎಲ್ಲೋ ಅರ್ತಿಗೆ ತಾಗಿರುವ ಅನುಮಾನ: ಸಿಂಗಲ್ ಪೋಲ್ ಎಂ.ಸಿ.ಬಿ. ಕಡಿಯುವುದು ಫೇಸನ್ನು ಮಾತ್ರ. ಆಗ ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕೈಯಲ್ಲೇ ನ್ಯೂಟ್ರಲ್ ಲಿಂಕಿನ (ನ್ಯೂಟ್ರಲ್ ತಂತಿಗಳೆಲ್ಲ ಸೇರುವ ಪಟ್ಟಿ) ತಂತಿಗಳನ್ನು ಒಂದೊಂದಾಗಿ ಬಿಡಿಸಿ ಹುಡುಕಿಸಬೇಕು. ಆರ್.ಸಿ.ಸಿ.ಬಿ. ಆಚೆಯ ನ್ಯೂಟ್ರಲ್ಲನ್ನು ಅದಕ್ಕೆ ಸೇರದ ಬೇರೆ ಲೈನಿನ ಲಿಂಕಿಗೆ ಸೇರಿಸಿದ್ದರೂ ಲೋಡ್ ಹಾಕಿದೊಡನೆ ಬೀಳುತ್ತದೆ. ಹೊಸ ಮನೆಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

‘ಪರೀಕ್ಷಾ ಗುಂಡಿ’ಯ ಬದಲು ‘ಟಿ ಬಟನ್’ ಎನ್ನಿ, ಅದರ ಮೇಲೆ ಇರುವುದು ಆ ಅಕ್ಷರವೇ. ಕರೆಂಟು ಇದ್ದಾಗ ತಿಂಗಳಿಗೊಮ್ಮೆ ಒತ್ತಬೇಕು, ಬೀಳದಿದ್ದರೆ ಬದಲಿಸಬೇಕು. ಅದು ನೋಡುವುದು ಸ್ವಿಚ್ಚನ್ನು ಮಾತ್ರ, ಅರ್ತ್ ಸರಿಯಿದೆಯೇ ಎಂದು ಬೇರೆಯಾಗಿ ಅಳೆಸಬೇಕು.